ಅಮೃತಾಪುರದ ಅಂಗಳದಲ್ಲಿ ಒಂದು ಲಾಡ್ಜ್

ಕಡೂರಿನ ಬಸ್ ನಿಲ್ದಾಣದಲ್ಲಿ ಇಳಿದು ‘ಇಲ್ಲಿ ಲಾಡ್ಜ್ ಎಲ್ಲಿದೆ?’ ಎಂದು ಕೇಳಿ ನೋಡಿ. ರಾತ್ರಿ ತಂಗಲು ರೂಮು ಸಿಗುವ ಜಾಗವನ್ನೇ ತೋರಿಸುತ್ತಾರೆ. ನಮ್ಮ ಸೀಮೆಯಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೇ ಇಲ್ಲ. ಫ್ರೀಮೇಸನ್ನರ ಲಾಡ್ಜ್ ಎಂಬ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ನಾನೂ ಅದನ್ನು ದೊರೆಗಳ ಕಾಲದ ಯಾವುದೋ ತಂಗುದಾಣ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಆ ಪದದ ಹಿಂದೆ ಬಿದ್ದೆ. ಅದು ನನ್ನನ್ನು ಲಂಡನ್ನಿಗೆ ಎಳೆದುಕೊಂಡು ಹೋಯಿತು, ಅಲ್ಲಿಂದ ಕಲ್ಕತ್ತಕ್ಕೆ, ತಿರುಚಿನಾಪಳ್ಳಿಗೆ, ಶ್ರೀರಂಗಪಟ್ಟಣಕ್ಕೆ. ಕೊನೆಗೆ ತಂದು ನಿಲ್ಲಿಸಿದ್ದು ಎಲ್ಲಿ ಗೊತ್ತೇ? ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, ನಾನು ಚಿಕ್ಕಂದಿನಿಂದ ಎಷ್ಟೋ ಸಲ ಓಡಾಡಿದ ಗುಡಿಯ ಅಂಗಳದಲ್ಲಿ!

ಲಾಡ್ಜ್ ಎಂದರೆ ಮೂಲದಲ್ಲಿ ಕಲ್ಲುಕುಟಿಗರ ಗುಡಿಸಲು. ಇಂಗ್ಲೆಂಡಿನಲ್ಲಿ ದೊಡ್ಡ ದೊಡ್ಡ ಚರ್ಚುಗಳು ಏಳುತ್ತಿದ್ದ ಕಾಲದಲ್ಲಿ, ಏಳುತ್ತಿರುವ ಗೋಡೆಯ ಪಕ್ಕದಲ್ಲೇ ಒಂದು ಮಾಡು ಇಳಿಸಿಕೊಂಡು ಅವರು ಅಲ್ಲಿ ಕಲ್ಲು ಕೆತ್ತುತ್ತಿದ್ದರು, ಉಳಿ ಸುತ್ತಿಗೆ ಇಡುತ್ತಿದ್ದರು, ಮಧ್ಯಾಹ್ನ ಉಣ್ಣುತ್ತಿದ್ದರು. ಕೆಲಸದ ಗುಟ್ಟನ್ನು ಹುಡುಗರಿಗೆ ಹೇಳಿಕೊಡುತ್ತಿದ್ದದ್ದೂ ಅಲ್ಲೇ. ಬರಬರುತ್ತಾ ಚರ್ಚು ಕಟ್ಟುವ ಕೆಲಸ ಕಡಿಮೆಯಾಯಿತು. ಕಲ್ಲನ್ನೇ ಮುಟ್ಟದ ವಕೀಲರು, ವ್ಯಾಪಾರಿಗಳು, ಜಮೀನುದಾರರು ಆ ಕೂಟಗಳಿಗೆ ಸೇರಿಕೊಂಡರು. 1717ರ ಜೂನ್ 24ರಂದು ಲಂಡನ್ನಿನ ಒಂದು ಹೆಂಡದಂಗಡಿಯಲ್ಲಿ ನಾಲ್ಕು ಲಾಡ್ಜುಗಳು ಸೇರಿ ಮಹಾ ಲಾಡ್ಜ್ ಮಾಡಿಕೊಂಡವು. ಗುಡಿಸಲು ಹೋಯಿತು, ಹೆಸರು ಉಳಿಯಿತು. ಉಪಕರಣಗಳೂ ಉಳಿದವು, ಆದರೆ ಅರ್ಥ ಬದಲಾಯಿತು. ಕೈವಾರವೆಂದರೆ ಆಸೆಗೆ ಹಾಕಿಕೊಳ್ಳುವ ಗೆರೆ. ಮೂಲೆಮಟ್ಟವೆಂದರೆ ನಡತೆಯ ನೇರ. ರಸಮಟ್ಟವೆಂದರೆ ಇಲ್ಲಿ ಮೇಲು ಕೀಳಿಲ್ಲ ಎಂಬ ಮಾತು. ಒರಟು ಕಲ್ಲೊಂದು, ನಯವಾಗಿ ಕೆತ್ತಿದ ಕಲ್ಲೊಂದು ಸಭೆಯಲ್ಲಿರುತ್ತವೆ. ಮೊದಲನೆಯದು ಹೊಸದಾಗಿ ಬಂದವನು, ಎರಡನೆಯದು ಅವನು ಆಗಬೇಕಾದವನು. ಹೊಸಬನ ಸೊಂಟಕ್ಕೆ ಕುರಿಚರ್ಮದ ಬಿಳಿ ಏಪ್ರನ್ ಕಟ್ಟುತ್ತಾರೆ. ಕಲ್ಲಿನ ಚೂರು ಬಟ್ಟೆಗೆ ಬೀಳದಿರಲೆಂದು ಹಿಂದಿನವರು ಕಟ್ಟುತ್ತಿದ್ದ ಚರ್ಮದ ನೆನಪು ಅದು.

ಈ ಕೂಟ ಹಡಗು ಹತ್ತಿ ನಮ್ಮಲ್ಲಿಗೆ ಬಂದ ವೇಗ ನೋಡಿ! ಮಹಾ ಲಾಡ್ಜ್ ಹುಟ್ಟಿ ಹದಿನೈದು ವರ್ಷವೂ ತುಂಬಿರಲಿಲ್ಲ, ಕಲ್ಕತ್ತದ ಫೋರ್ಟ್ ವಿಲಿಯಮ್ಮಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮಂದಿ ಲಾಡ್ಜ್ ನಡೆಸುತ್ತಿದ್ದರು. 1752ಕ್ಕೆ ಮದರಾಸಿನಲ್ಲೂ ಒಂದು. ಊರು ಬಿಟ್ಟು ಆರು ತಿಂಗಳ ಕಡಲ ಪಯಣ ಮಾಡಿ ಬಂದವರಿಗೆ, ಗೊತ್ತಿಲ್ಲದ ಕಂಟೋನ್ಮೆಂಟಿನಲ್ಲಿ ಒಂದು ಕೈಕುಲುಕಿನಿಂದಲೇ ನೆಂಟರು ಸಿಕ್ಕಿಬಿಡುತ್ತಿದ್ದರು. ಸತ್ತವನ ಹೆಂಡತಿ ಮಕ್ಕಳಿಗೆ ನೆರವು ಒದಗುತ್ತಿತ್ತು. ಬಾಗಿಲು ಮುಚ್ಚಿಕೊಂಡು ಒಳಗೆ ಏನು ಮಾಡುತ್ತಾರೋ ತಿಳಿಯದ ಉತ್ತರದ ಊರಿನ ಜನ ಆ ಕಟ್ಟಡಗಳಿಗೆ ‘ಜಾದೂಘರ್’ ಎಂದೇ ಹೆಸರಿಟ್ಟರು.

ಆ ಬಾಗಿಲು ನಮ್ಮವರಿಗೆ ತೆರೆದ ಕತೆ ಇನ್ನೂ ರೋಚಕ. 1770ರ ದಶಕದಲ್ಲಿ ತಿರುಚಿನಾಪಳ್ಳಿಯಲ್ಲಿ ಆರ್ಕಾಟಿನ ನವಾಬ ಮಹಮ್ಮದ್ ಅಲಿಯ ಮಗ ಉಮ್ದತ್ ಉಲ್ ಉಮರಾ ಈ ಸೋದರತ್ವಕ್ಕೆ ಸೇರಿದ. ಲಂಡನ್ನಿನ ಮಹಾ ಲಾಡ್ಜಿಗೆ ಎಷ್ಟು ಸಂತೋಷವಾಯಿತೆಂದರೆ, ಅಲಂಕರಿಸಿದ ಏಪ್ರನ್ನನ್ನೂ ನಿಯಮಗಳ ಪುಸ್ತಕವನ್ನೂ ಅವನಿಗೆ ಕಾಣಿಕೆಯಾಗಿ ಕಳುಹಿಸಿತು. ಸರಿ, ಸೋದರನಾದ. ಆಮೇಲೆ?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಅರಮನೆಯಲ್ಲಿ ಸಿಕ್ಕ ಕಾಗದಪತ್ರಗಳಲ್ಲಿ, ಉಮ್ದತ್ ಮತ್ತು ಅವನ ತಂದೆ ಟಿಪ್ಪುವಿನೊಡನೆ ಗುಟ್ಟಾಗಿ ಪತ್ರ ವ್ಯವಹಾರ ನಡೆಸಿದ್ದರು ಎಂದು ಕಂಪನಿ ಸಾರಿತು. 1801ರಲ್ಲಿ ಉಮ್ದತ್ ಸತ್ತ ಕೂಡಲೇ ಅದನ್ನೇ ನೆಪ ಮಾಡಿಕೊಂಡು ಕರ್ನಾಟಿಕ್ ಸೀಮೆಯನ್ನು ನುಂಗಿಹಾಕಿತು. ನುಂಗಿದ ಗವರ್ನರ್ ಜನರಲ್ ಯಾರು? ರಿಚರ್ಡ್ ವೆಲ್ಲೆಸ್ಲಿ. ಅವನು ಭಾರತಕ್ಕೆ ಬರುವ ಮೊದಲೇ ಐರ್ಲೆಂಡಿನ ಮೇಸನ್ನರ ಗ್ರ್ಯಾಂಡ್ ಮಾಸ್ಟರ್ ಆಗಿದ್ದವನು! ಶ್ರೀರಂಗಪಟ್ಟಣದ ಆಡಳಿತ ಹಿಡಿದು ಕುಳಿತ ಅವನ ತಮ್ಮ ಆರ್ಥರ್ ವೆಲ್ಲೆಸ್ಲಿಯೂ 1790ರ ಡಿಸೆಂಬರಿನಲ್ಲಿ ಐರ್ಲೆಂಡಿನ ಟ್ರಿಮ್ ಊರಿನ ಲಾಡ್ಜಿಗೆ ಸೇರಿದವನು. ಒಂದೇ ಏಪ್ರನ್ನಿನ ಮೂವರು. ರಸಮಟ್ಟದ ಪಾಠವನ್ನು ಮೂವರೂ ಕೇಳಿದ್ದರು. ರಾಜ್ಯದ ಮುಂದೆ ಆ ಪಾಠ ಒಂದು ಕ್ಷಣವೂ ನಿಲ್ಲಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕ್. ಅವನ ಹೆಜ್ಜೆಗಳು ನಮ್ಮ ಸೀಮೆಗೇ ತಾಗಿಕೊಂಡಿವೆ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ದಂಡು ಕಟ್ಟಿದಾಗ ಅವನ ಬೆನ್ನಟ್ಟಿದ್ದು ಇದೇ ವೆಲ್ಲೆಸ್ಲಿ. 1800ರ ಸೆಪ್ಟೆಂಬರಿನಲ್ಲಿ ಕೋನಗಲ್ಲಿನ ಬಳಿ ಧೋಂಡಿಯ ಮಡಿದ. ಆ ವೇಗದ ಬೆನ್ನಟ್ಟುವಿಕೆಗೆ ಹೆಗಲು ಕೊಟ್ಟವು ನಮ್ಮ ಅಮೃತಮಹಲ್ ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ತಳಿ ಅದು, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟದ್ದು. ಮುಂದೆ ಸ್ಪೇನ್, ಪೋರ್ಚುಗಲ್ ಯುದ್ಧಗಳಲ್ಲಿ ಆ ಎತ್ತುಗಳು ಇಲ್ಲಿಲ್ಲವಲ್ಲ ಎಂದು ವೆಲಿಂಗ್ಟನ್ ಮತ್ತೆ ಮತ್ತೆ ಹಲುಬಿದನೆಂದು ಮೈಸೂರಿನ ಗೆಜೆಟಿಯರ್ ಹೇಳುತ್ತದೆ. ಇವತ್ತು ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ಬೇಲಿಯ ಹತ್ತಿರ ನಿಂತರೆ ಅದೇ ತಳಿಯ ದನಗಳು ಚೂಪು ಕೋಡನ್ನು ಹಿಂದಕ್ಕೆ ಒಗೆದು, ಬೂದು ಮೈ ಸೆಟೆದು ನಮ್ಮನ್ನು ದಿಟ್ಟಿಸುತ್ತವೆ. ಟ್ರಿಮ್ ಲಾಡ್ಜಿನ ಒಬ್ಬ ಹುಡುಗನಿಗೂ ಅಜ್ಜಂಪುರದ ಎತ್ತಿಗೂ ನಂಟು!

ಆಮೇಲಿನ ಕತೆ ಬೇಗ ಹೇಳಿಬಿಡುತ್ತೇನೆ. ತರೀಕೆರೆಯ ಪಾಳೆಯಗಾರರೂ ಸೇರಿಕೊಂಡ ನಗರ ಸೀಮೆಯ ದಂಗೆಯನ್ನು ಮುಂದಿಟ್ಟುಕೊಂಡು 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡರು, 1881ರವರೆಗೆ ಬಿಡಲಿಲ್ಲ. ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಕಾಫಿ ತೋಟದ ದೊರೆಗಳು ಬೀಡುಬಿಟ್ಟರು. ಆಗ ಈ ಇಡೀ ಜಿಲ್ಲೆಯ ಹೆಸರೇ ಕಡೂರು. ಕಚೇರಿಗಳು 1865ರಲ್ಲಿ ಚಿಕ್ಕಮಗಳೂರಿಗೆ ಹೋದರೂ ಹೆಸರು 1947ರವರೆಗೆ ಹಾಗೇ ಇತ್ತು. ಪ್ಲಾಂಟರುಗಳ ‘ಕಡೂರು ಕ್ಲಬ್’ ಇವತ್ತಿಗೂ ಚಿಕ್ಕಮಗಳೂರಿನಲ್ಲಿರುವುದು ಅದಕ್ಕೇ. ಊರಿಂದ ದೂರ ಬಂದ ಬಿಳಿಯರಿಗೆ ಕ್ಲಬ್ಬು, ಚರ್ಚು, ಲಾಡ್ಜು ಮೂರೂ ಒಂದೇ ಹಸಿವಿಗೆ ಬೇಕಾದ ಊಟ.

ಹಿಂದೂಗಳಿಗೆ ಲಾಡ್ಜಿನ ಬಾಗಿಲು ತೆರೆದದ್ದು ಎಷ್ಟು ತಡವಾಗಿ ಎಂಬುದನ್ನು ಮಾತ್ರ ಬಿಡಲಾರೆ. ಮುಂಬಯಿಯ ಪಾರ್ಸಿ ಮಾಣಿಕ್‌ಜಿ ಕರ್ಸೆಟ್‌ಜಿ ತನ್ನೂರಿನಲ್ಲಿ ಸೇರಿಸಿಕೊಳ್ಳದೆ ಹೋದಾಗ ಪ್ಯಾರಿಸ್ಸಿಗೆ ಹೋಗಿ ಮೇಸನ್ ಆಗಿ ಬಂದ. 1843ರಲ್ಲಿ ಮುಂಬಯಿಯಲ್ಲೇ ಭಾರತೀಯರಿಗೂ ತೆರೆದ ಲಾಡ್ಜ್ ಹುಟ್ಟಿತು. ಕಲ್ಕತ್ತದ ವ್ಯಾಪಾರಿ ಪ್ರಸನ್ನಕುಮಾರ ದತ್ತ 1863ರಲ್ಲಿ ಅರ್ಜಿ ಹಾಕಿದ. ಒಬ್ಬನೇ ಸೃಷ್ಟಿಕರ್ತನನ್ನು ನಂಬುವವನಿಗೆ ಮಾತ್ರ ಪ್ರವೇಶ, ಹಿಂದೂಗಳಿಗೆ ಬಹಳ ದೇವರುಗಳು ಎಂಬ ತಕರಾರು ಎದ್ದಿತು. ದತ್ತ ಬಿಡಲಿಲ್ಲ, ಲಂಡನ್ನಿನವರೆಗೂ ವಾದಿಸಿದ. ಒಳಗೆ ಕಾಲಿಟ್ಟದ್ದು 1872ರಲ್ಲಿ. ಒಂಬತ್ತು ವರ್ಷ! 1961ರ ನವೆಂಬರ್ 24ರಂದು ಭಾರತಕ್ಕೆ ತನ್ನದೇ ಮಹಾ ಲಾಡ್ಜ್ ಆಯಿತು. ಈಗ ಇಲ್ಲಿನ ಲಾಡ್ಜುಗಳ ಪೀಠದ ಮೇಲೆ ಗೀತೆ, ಕುರಾನ್, ಬೈಬಲ್, ಗ್ರಂಥ ಸಾಹಿಬ್ ಒಟ್ಟಿಗೆ ತೆರೆದಿರುತ್ತವೆ.

ಇಷ್ಟೆಲ್ಲ ಓದಿ ಮುಗಿಸುವಾಗ ಒಂದು ಕತೆ ನನ್ನನ್ನು ಹಿಡಿದು ನಿಲ್ಲಿಸಿತು. ಮೇಸನ್ನರ ಮೂರನೆಯ ಮೆಟ್ಟಿಲಿನ ಆಚರಣೆಯಲ್ಲಿ ಒಬ್ಬ ಶಿಲ್ಪಿಯ ಸಾವನ್ನು ಅಭಿನಯಿಸುತ್ತಾರೆ. ಹೀರಾಮ್ ಅಬೀಫ್ ಎಂಬಾತ ಸೊಲೊಮನ್ ರಾಜನ ದೇವಾಲಯ ಕಟ್ಟಿದ ಮುಖ್ಯ ಶಿಲ್ಪಿ. ಗುರುವಿಗೆ ಮಾತ್ರ ಗೊತ್ತಿದ್ದ ಗುಟ್ಟನ್ನು ಹೇಳು ಎಂದು ಮೂವರು ಕೆಲಸಗಾರರು ಅವನನ್ನು ತಡೆಯುತ್ತಾರೆ, ಹೇಳದಿದ್ದಾಗ ಕಲ್ಲುಕೆಲಸದ ಸಾಮಾನಿನಿಂದಲೇ ಹೊಡೆದು ಕೊಲ್ಲುತ್ತಾರೆ.

ಇದನ್ನು ಓದಿದ ಯಾವ ಕನ್ನಡಿಗನಿಗೆ ಜಕಣಾಚಾರಿ ನೆನಪಾಗುವುದಿಲ್ಲ? ಬೇಲೂರಿನಲ್ಲಿ, ಗುರುತೇ ಸಿಗದ ಮಗ ಡಂಕಣ ‘ಈ ಕಲ್ಲಿನಲ್ಲಿ ದೋಷವಿದೆ’ ಎಂದದ್ದು, ಗಂಧ ಬಳಿದಾಗ ವಿಗ್ರಹದ ಹೊಕ್ಕುಳ ಬಳಿ ಮಾತ್ರ ಆರದೆ ಉಳಿದದ್ದು, ಉಳಿ ತಾಗಿಸಿದಾಗ ಕಪ್ಪೆ ಹೊರಬಂದದ್ದು, ಜಕಣ ತನ್ನ ಬಲಗೈಯನ್ನೇ ಕಡಿದುಕೊಂಡದ್ದು, ಕೈದಾಳದಲ್ಲಿ ಆ ಕೈ ಮರಳಿದ್ದು! ಎರಡೂ ಕಟ್ಟುಕತೆಗಳೇ ಇರಬಹುದು. ಆದರೆ ಹೀರಾಮ್ ಗುಟ್ಟು ಕಾಪಾಡಲು ಸಾಯುತ್ತಾನೆ, ಜಕಣ ಸತ್ಯ ಒಪ್ಪಿಕೊಳ್ಳಲು ಕೈ ಕಳೆದುಕೊಳ್ಳುತ್ತಾನೆ. ನನಗೆ ನಮ್ಮವನೇ ದೊಡ್ಡವನಾಗಿ ಕಾಣುತ್ತಾನೆ.

ಮರುದಿನ ಬೆಳಗ್ಗೆಯೇ ಅಮೃತಾಪುರಕ್ಕೆ ಹೊರಟೆ.

1196ರಲ್ಲಿ, ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿ ಇದು. ಹೊರಗಿನ ತೆರೆದ ಮಂಟಪಕ್ಕೆ ಇಪ್ಪತ್ತೊಂಬತ್ತು ಅಂಕಣ. ಚರಕಿಗೆ ಕೊಟ್ಟು ತಿರುಗಿಸಿದಂಥ ಕಂಬಗಳು ಸಾಲುಸಾಲಾಗಿ ಮಿರುಗುತ್ತವೆ. ಮಂಟಪದ ಗೋಡೆಯ ಹೊರಮೈಯಲ್ಲಿ 140 ಫಲಕಗಳು. ದಕ್ಷಿಣಕ್ಕೆ ಎಪ್ಪತ್ತರಲ್ಲಿ ರಾಮಾಯಣ, ಅದೂ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಉತ್ತರಕ್ಕೆ ಇಪ್ಪತ್ತೈದರಲ್ಲಿ ಕೃಷ್ಣನ ಬಾಲ್ಯ, ಉಳಿದ ನಲವತ್ತೈದರಲ್ಲಿ ಮಹಾಭಾರತ. ಎತ್ತರದ ಶಿಲಾಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ಬಿ.ಎಲ್. ರೈಸ್ 1901ರಲ್ಲಿ ಹೊರತಂದ ಕಡೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ನಾಡಿನ ಕಲ್ಲುಗಳೆಲ್ಲ ಅಚ್ಚಾಗಿ ಲೋಕಕ್ಕೆ ತಲುಪಿದವು.

ನಾನು ಬಂದದ್ದು ಛಾವಣಿ ನೋಡಲು. ಮಂಟಪದ ಒಳಗೆ ಮಲಗಿಬಿಟ್ಟೆ. ಒಂದೊಂದು ಅಂಕಣದ ಮೇಲೂ ಒಂದೊಂದು ಭುವನೇಶ್ವರಿ. ಗುಮ್ಮಟದಂತೆ ಆಳವಾಗಿ ಒಳಕ್ಕೆ ಸರಿಯುತ್ತಾ, ಸುತ್ತು ಮೇಲೆ ಸುತ್ತು ಕಿರಿದಾಗುತ್ತಾ, ನಡುವೆ ಮೊಗ್ಗಿನಂತೆ ಕೆಳಗೆ ಜೋತಿದೆ. ಈ ಛಾವಣಿಗಳಲ್ಲಿ ಕೈಯಾಡಿಸುತ್ತಲೇ ತನ್ನ ಕೆಲಸ ಶುರುಮಾಡಿದವನು ರೂವಾರಿ ಮಲ್ಲಿತಮ್ಮ. ಇದೇ ಹೆಸರು ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮತ್ತೆ ಮತ್ತೆ ಕಾಣುತ್ತದೆ, ನಲವತ್ತಕ್ಕೂ ಹೆಚ್ಚು ವಿಗ್ರಹಗಳ ಬುಡದಲ್ಲಿ! ಇಬ್ಬರೂ ಒಬ್ಬನೇ ಆಗಿದ್ದರೆ ಅರವತ್ತು ವರ್ಷಕ್ಕೂ ಮೀರಿದ ಕಸುಬು ಅದು. ತರೀಕೆರೆಯ ಸೀಮೆಯಲ್ಲಿ ಹುಡುಗನಾಗಿ ಉಳಿ ಹಿಡಿದವನು ಕಾವೇರಿಯ ಬಯಲಿನಲ್ಲಿ ಮುದುಕನಾಗಿ ಅದನ್ನು ಕೆಳಗಿಟ್ಟ!

ಲಂಡನ್ನಿನ ಹೆಂಡದಂಗಡಿಯಲ್ಲಿ ಸಜ್ಜನರು ಮೂಲೆಮಟ್ಟಕ್ಕೆ ನೀತಿಯ ಅರ್ಥ ಕೊಡುವುದಕ್ಕೆ ಐದು ಶತಮಾನ ಮೊದಲು, ಇಲ್ಲಿ ನಿಜವಾದ ಮೂಲೆಮಟ್ಟ, ಕೈವಾರ, ತೂಕದ ಗುಂಡು ಹಿಡಿದ ಕೈಗಳಿದ್ದವು. ಹೊಸದಾಗಿ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗಿ ಬಿರುಸಾಗುವ ಬಳಪದ ಕಲ್ಲನ್ನು ಅವರು ಬೆಣ್ಣೆಯಂತೆ ಬಿಡಿಸಿದರು. ಒರಟು ಕಲ್ಲು, ನಯಗೊಂಡ ಕಲ್ಲು ಅವರಿಗೆ ಸಂಕೇತವಲ್ಲ, ದಿನದ ಕೂಲಿ. ಅವರಿಗೂ ಗುರುವಿದ್ದ, ಶಿಷ್ಯರಿದ್ದರು. ಊರೂರು ತಿರುಗುವ ತಂಡಗಳಿದ್ದವು, ತಂದೆಯಿಂದ ಮಗನಿಗೆ ಇಳಿಯುವ ಗುಟ್ಟುಗಳಿದ್ದವು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತವನ ಮಗ ಚಾವಣ ಒಟ್ಟಿಗೆ ಕೆಲಸ ಮಾಡಿ ತಮ್ಮ ಊರು, ತಂದೆಯ ಹೆಸರು, ಬಿರುದು ಎಲ್ಲವನ್ನೂ ಕಲ್ಲಿನಲ್ಲೇ ಕೊರೆದಿಟ್ಟರು.

ಮೇಸನ್ನರ ಲಾಡ್ಜಿನಲ್ಲಿ ಗುರುತಿನ ಮಾತು ಕಿವಿಯಲ್ಲಿ ಪಿಸುಗುಡುವಂಥದು, ಹೊರಗಿನವರು ಕೇಳುವಂತಿಲ್ಲ. ಇಲ್ಲಿ ರೂವಾರಿಯ ಹೆಸರು ಬಟಾಬಯಲಿನಲ್ಲಿ, ದೇವರ ಪಾದದ ಬುಡದಲ್ಲಿ, ಅಕ್ಷರ ಬಲ್ಲ ಯಾರು ಬೇಕಾದರೂ ಓದುವ ಹಾಗೆ ಇದೆ. ಅಲ್ಲಿ ಒಳಗೆ ಬರಲು ದತ್ತ ಒಂಬತ್ತು ವರ್ಷ ಕಾದ. ಇಲ್ಲಿ ಬಾಗಿಲೇ ಇಲ್ಲದ ಮಂಟಪ, ಮೂರು ದಿಕ್ಕಿನಿಂದ ಗಾಳಿ.

ಮಲಗಿದ್ದವನು ಎದ್ದು ಗೋಡೆಯ ಹತ್ತಿರ ಹೋದೆ. ನೋಡಲು ಬಂದಿದ್ದ ಒಬ್ಬ ಗಾರೆ ಕೆಲಸದ ಹಿರಿಯರು ಎರಡು ಕಲ್ಲಿನ ನಡುವಿನ ಸಂದಿಗೆ ಉಗುರು ತೂರಿಸಲು ನೋಡುತ್ತಿದ್ದರು. ತೂರಲಿಲ್ಲ. ‘ಏನ್ ಕೂಡಿಸವ್ರೆ ನೋಡಿ ಸ್ವಾಮಿ’ ಎಂದು ನನ್ನ ಕಡೆ ತಿರುಗಿದರು. ನಾನೂ ಬೆರಳಿಟ್ಟು ನೋಡಿದೆ. ಎಂಟು ನೂರು ಮಳೆಗಾಲ ಕಂಡ ಕಲ್ಲು ಬೆಳಗಿನ ಬಿಸಿಲಿಗೆ ಆಗಲೇ ಬೆಚ್ಚಗಾಗಿತ್ತು.