ಪಣಂಬೂರಿನ ಕಾವಲು, ಒಳನಾಡಿನ ಕಾಳಜಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಗೆ ಕಡಲಿಲ್ಲ. ಆದರೂ ಅಲ್ಲಿಯ ಅಡಿಕೆ ತೋಟ, ಭತ್ತದ ಗದ್ದೆ ಮತ್ತು ಮೆಕ್ಕೆಜೋಳದ ಹೊಲಗಳಿಗೆ ಬೇಕಾದ ಪೊಟ್ಯಾಷ್ ಗೊಬ್ಬರವನ್ನು ಭಾರತವು ಬಹುಮಟ್ಟಿಗೆ ಹೊರದೇಶಗಳಿಂದ ಹಡಗಿನಲ್ಲೇ ತರಿಸಿಕೊಳ್ಳುತ್ತದೆ. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ರಸಗೊಬ್ಬರ, ಕಚ್ಚಾತೈಲ, ಅಡುಗೆ ಅನಿಲಗಳು ಇಳಿಯುತ್ತವೆ. ಹೀಗಾಗಿ ಬಂದರುಗಳ ಗಣಕಜಾಲದ ಭದ್ರತೆಯು ಕರಾವಳಿಯವರಿಗಷ್ಟೇ ಸೇರಿದ್ದಲ್ಲ, ಮುಂಗಾರಿನ ಹೊತ್ತಿಗೆ ಗೊಬ್ಬರದ ಅಂಗಡಿಯ ಮುಂದೆ ಕಾಯುವ ರೈತನಿಗೂ ಸೇರಿದ್ದು.

ಇಂದಿನ ಕಂಟೇನರ್ ಬಂದರಿನಲ್ಲಿ ಲಾರಿಯೊಂದು ಗೇಟಿಗೆ ಬಂದೊಡನೆ ಅದರ ಸಂಖ್ಯೆ ಗಣಕದಲ್ಲಿ ದಾಖಲಾಗಿ, ಯಾವ ಸಾಲಿನ ಯಾವ ಪೆಟ್ಟಿಗೆಯನ್ನು ಎತ್ತಬೇಕೆಂಬ ಆದೇಶ ಕ್ರೇನ್ ಚಾಲಕನ ಪರದೆಗೆ ಹೋಗುತ್ತದೆ. ಪರದೆ ಆರಿದರೆ ಕ್ರೇನ್ ಗಟ್ಟಿಯಾಗಿದ್ದರೂ ಕೆಲಸ ನಿಲ್ಲುತ್ತದೆ. 2017ರ ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಮೂಲಕ ಹರಡಿದ ‘ನಾಟ್‌ಪೆಟ್ಯಾ’ ಎಂಬ ಕುತಂತ್ರಾಂಶ, ಅಂದರೆ ಗಣಕದ ಕಡತಗಳನ್ನು ಹಾಳುಗೆಡವಲೆಂದೇ ಬರೆದ ತಂತ್ರಾಂಶ, ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಕಂಪನಿಯ ಜಾಲವನ್ನು ಕೆಡವಿದಾಗ, ನವಿ ಮುಂಬಯಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಸಮೂಹದ ಟರ್ಮಿನಲ್‌ನ ಕೆಲಸವೂ ಅಸ್ತವ್ಯಸ್ತವಾಯಿತು. ಕಂಪನಿಯು ಸುಮಾರು 45,000 ಗಣಕಗಳನ್ನು ಹೊಸದಾಗಿ ಸಜ್ಜುಗೊಳಿಸಬೇಕಾಯಿತು. ವಿದ್ಯುತ್ ಕಡಿತದಿಂದ ಜಾಲದ ಹೊರಗುಳಿದಿದ್ದ ಘಾನಾದ ಒಂದು ಸರ್ವರಿನಲ್ಲಿ ಉಳಿದಿದ್ದ ಜಾಲದ ಮಾಹಿತಿಯ ಪ್ರತಿಯೇ ಅದರ ಪುನರುದ್ಧಾರಕ್ಕೆ ಆಧಾರವಾಯಿತು. 2023ರ ಜುಲೈನಲ್ಲಿ ಜಪಾನಿನ ನಗೋಯಾ ಬಂದರಿನ ಗಣಕಗಳಿಗೆ ಬೀಗಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿ ನಡೆದು, ಕಂಟೇನರ್ ಸಾಗಣೆ ಎರಡು ದಿನಕ್ಕೂ ಹೆಚ್ಚು ಕಾಲ ಸ್ಥಗಿತಗೊಂಡಿತು.

ಹಡಗಿಗೆ ಬೇರೆ ಬಗೆಯ ಅಪಾಯವಿದೆ. ಉಪಗ್ರಹಗಳ ಸಂಕೇತದಿಂದ ಸ್ಥಾನ ತಿಳಿಸುವ ಜಿಪಿಎಸ್‌ಗೆ ಹುಸಿ ಸಂಕೇತ ಕಳುಹಿಸಿದರೆ ನಕಾಶೆಯ ಪರದೆ ಸುಳ್ಳು ಜಾಗವನ್ನು ತೋರುತ್ತದೆ; 2017ರಲ್ಲಿ ಕಪ್ಪು ಸಮುದ್ರದಲ್ಲಿದ್ದ ಹಲವು ಹಡಗುಗಳ ಉಪಕರಣಗಳು ಅವು ನೆಲದ ಮೇಲಿನ ವಿಮಾನ ನಿಲ್ದಾಣದಲ್ಲಿವೆ ಎಂದು ತೋರಿದ್ದವು. ಪಣಂಬೂರಿಗೆ ಬರುವ ಹಡಗಿನ ಅಧಿಕಾರಿಯು ಪರದೆಯ ಸ್ಥಾನವನ್ನು ರಾಡಾರ್ ಜೊತೆಗೆ ಹಾಗೂ ಸುರತ್ಕಲ್ ದೀಪಸ್ತಂಭ ಕಾಣುವ ದಿಕ್ಕಿನ ಜೊತೆಗೆ ತಾಳೆ ನೋಡಿದರೆ ಇಂಥ ಮೋಸ ಬಯಲಾಗುತ್ತದೆ.

ರಕ್ಷಣೆಯ ಮೊದಲ ಸೂತ್ರ ಜಾಲಗಳನ್ನು ಬೇರ್ಪಡಿಸುವುದು: ಭದ್ರಾ ನಾಲೆ ಒಂದೆಡೆ ಒಡೆದರೆ ಮೇಲಿನ ಗೇಟು ಇಳಿಸಿ ಉಳಿದ ಭಾಗವನ್ನು ಕಾಪಾಡುವಂತೆ, ಕಚೇರಿಯ ಇಮೇಲ್‌ನಿಂದ ನುಸುಳಿದ ಕೇಡು ಕ್ರೇನಿಗಾಗಲಿ ಎಂಜಿನ್ನಿಗಾಗಲಿ ತಲುಪದಂತೆ ತಡೆಗಳಿರಬೇಕು. ಕಡತಗಳ ಪ್ರತಿಯೊಂದನ್ನು ಜಾಲದ ಹೊರಗೆ ಇಡುವುದು, ಹೊರಗಿನವರ ಪೆನ್‌ಡ್ರೈವನ್ನು ಪರೀಕ್ಷಿಸದೆ ಬಳಸದಿರುವುದು, ಗಣಕವಿಲ್ಲದೆ ಕಾಗದದ ಮೇಲೆ ಕೆಲಸ ನಡೆಸುವ ಅಭ್ಯಾಸ ಮಾಡುವುದು ಅಷ್ಟೇ ಮುಖ್ಯ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯು 2021ರಿಂದ ಹಡಗುಗಳ ಸುರಕ್ಷತಾ ವ್ಯವಸ್ಥೆಯಲ್ಲಿ ಸೈಬರ್ ಅಪಾಯದ ನಿರ್ವಹಣೆಯನ್ನೂ ಸೇರಿಸುವಂತೆ ಮಾಡಿದೆ. ಭಾರತದಲ್ಲಿ ಸೈಬರ್ ಭದ್ರತೆ ನೋಡಿಕೊಳ್ಳುವ ಸರಕಾರಿ ಸಂಸ್ಥೆಯಾದ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು.

ಆದರೆ ನಿಯಮವನ್ನು ದಿನವೂ ಪಾಲಿಸುವವರು ಗೇಟಿನ ಗುಮಾಸ್ತ, ಕ್ರೇನ್ ಚಾಲಕ ಮತ್ತು ನಾವಿಕರೇ ಆದ್ದರಿಂದ, ಬಂದರಿನ ಹೂಳೆತ್ತಲು, ಧಕ್ಕೆ ಕಟ್ಟಲು ಹಣ ತೆಗೆದಿಡುವಷ್ಟೇ ನಿಷ್ಠೆಯಿಂದ ಅವರ ತರಬೇತಿಗೂ ಹಣ ತೆಗೆದಿಡುವುದು ಸರಕಾರದ ಮತ್ತು ಬಂದರು ಆಡಳಿತಗಳ ಕರ್ತವ್ಯ.