ಟ್ಯಾಲಡೀಗದ ಹೊಸ ಪಥ, ಹಳೆಯ ಪ್ರಶ್ನೆ

ನನ್ನ ಸೋದರಮಾವ ಲಾರಿ ಚಾಲಕರು. ಹಾಸನದಿಂದ ಸಕಲೇಶಪುರದ ಮೇಲೆ ಶಿರಾಡಿ ಘಟ್ಟ ಇಳಿದು ಮಂಗಳೂರಿಗೆ ಹೋಗಿಬರುವುದು ಅವರ ನಿತ್ಯದ ಕೆಲಸ. ಹೊರಡುವ ಮುನ್ನ ಒಂದು ಕಬ್ಬಿಣದ ಸರಳಿನಿಂದ ಎಲ್ಲ ಟೈರುಗಳನ್ನೂ ತಟ್ಟಿ ಸದ್ದು ಕೇಳುವುದು ಅವರ ಪದ್ಧತಿ. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದ ರಾತ್ರಿ, ಮುಂದಿನ ಟೈರು ಸವೆದು ನೂಲು ಕಾಣುತ್ತಿದ್ದ ಲಾರಿಯನ್ನು ಘಟ್ಟ ಇಳಿಸಲು ಅವರು ಒಪ್ಪಲಿಲ್ಲ. ಮಾಲೀಕರು ಬೇರೊಬ್ಬ ಚಾಲಕನನ್ನು ಕಳುಹಿಸಿದರು. ಲಾರಿ ಸುಖವಾಗಿ ಮಂಗಳೂರು ಮುಟ್ಟಿತು. ಮಾವ ಎರಡು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿ ಕುಳಿತರು. “ಏನೂ ಆಗಲಿಲ್ಲವಲ್ಲೋ, ನಾನೇ ಹೆದರಿಬಿಟ್ಟೆನೇನೋ” ಎಂದು ಆಗ ಅವರು ನನ್ನೊಡನೆ ಅಂದದ್ದುಂಟು. ನಾನು ಏನೂ ಹೇಳಲಾರದೆ ಹೋದೆ.

ಈಚೆಗೆ ಮೋಟಾರು ಪಂದ್ಯಗಳ ಚರಿತ್ರೆಯನ್ನು ಓದುತ್ತಿದ್ದಾಗ, ಇದೇ ಪ್ರಶ್ನೆ ಅಮೆರಿಕದಲ್ಲಿ ಸಾವಿರಾರು ಪ್ರೇಕ್ಷಕರೆದುರು ಎದ್ದ ಸಂಗತಿ ಕಣ್ಣಿಗೆ ಬಿತ್ತು. ಅದನ್ನು ವಾಚಕ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ‘ಸ್ಟಾಕ್ ಕಾರು’ ಎಂದರೇನೆಂಬುದನ್ನು ಹೇಳಬೇಕು. ಪಂದ್ಯಕ್ಕೆಂದೇ ವಿಶೇಷವಾಗಿ ನಿರ್ಮಿಸಿದ ಗಾಡಿಯಲ್ಲ. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಂಸಾರಸ್ಥರ ಕಾರು ಎಂದು ಅದರ ಮೂಲಾರ್ಥ. ಕಾಲಕ್ರಮದಲ್ಲಿ ಹೊರಗಿನ ಆಕಾರ ಮಾತ್ರ ಹಾಗೆ ಉಳಿದು, ಒಳಗಿನ ಇಂಜಿನು ದೈತ್ಯವಾಯಿತು. 1948ರಲ್ಲಿ ಬಿಲ್ ಫ್ರಾನ್ಸ್ ಎಂಬ ಸಾಹಸಿ ಮತ್ತು ಅವರ ಸಂಗಡಿಗರು ಈ ಪಂದ್ಯಗಳಿಗಾಗಿ ‘ನಾಸ್ಕಾರ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ಪಂದ್ಯಗಳು ಬಹುಪಾಲು ಮಣ್ಣಿನ ಸಣ್ಣ ಪಥಗಳ ಮೇಲೆ ನಡೆಯುತ್ತಿದ್ದುವು. 1950ರಲ್ಲಿ ಡಾರ್ಲಿಂಗ್ಟನ್ ಎಂಬಲ್ಲಿ ಡಾಂಬರು ಹಾಕಿದ ದೊಡ್ಡ ಪಥ ಸಿದ್ಧವಾಯಿತು. ಅಲ್ಲಿಯ ಮೊದಲ ಪಂದ್ಯದಲ್ಲಿಯೇ ವೇಗದ ಕಾರುಗಳ ಟೈರುಗಳು ಒಂದಾದ ಮೇಲೊಂದು ಹರಿದುವು. ಗೆದ್ದವನು ಜಾನಿ ಮ್ಯಾಂಟ್ಸ್. ಆತನ ಪ್ಲಿಮತ್ ಕಾರು ಅಲ್ಲಿದ್ದ ಬಹು ನಿಧಾನದ ಕಾರುಗಳಲ್ಲೊಂದು, ಆದರೆ ಅದರ ಟೈರುಗಳು ಗಟ್ಟಿ ರಬ್ಬರಿನವು! ಇಂಜಿನಿನ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುವುದು ಟೈರು. ಅದು ತಾಳದಿದ್ದರೆ ಉಳಿದುದೆಲ್ಲ ವ್ಯರ್ಥ ಎಂಬ ಪಾಠ ಅಂದೇ ದೊರೆಯಿತು.

1959ರಲ್ಲಿ ಫ್ರಾನ್ಸ್ ಅವರು ಡೇಟೋನಾದಲ್ಲಿ ಎರಡೂವರೆ ಮೈಲಿ ಸುತ್ತಳತೆಯ ಪಥವನ್ನು ಕಟ್ಟಿಸಿದರು. ಹತ್ತು ವರ್ಷಗಳ ತರುವಾಯ, ಅಲಬಾಮ ಸಂಸ್ಥಾನದ ಟ್ಯಾಲಡೀಗದ ಬಳಿ, ಹಳೆಯ ವಿಮಾನ ನಿಲ್ದಾಣವೊಂದರ ಜಮೀನಿನಲ್ಲಿ ಅದಕ್ಕಿಂತಲೂ ದೊಡ್ಡದನ್ನು ನಿರ್ಮಿಸಿದರು. ಸುತ್ತಳತೆ 2.66 ಮೈಲಿ, ತಿರುವುಗಳಲ್ಲಿ ನೆಲದ ಓಲು 33 ಡಿಗ್ರಿ. ಮೊದಲ ಮಹಾಪಂದ್ಯ 1969ರ ಸೆಪ್ಟೆಂಬರ್ 14ಕ್ಕೆ ನಿಗದಿಯಾಯಿತು: 188 ಸುತ್ತು, ಐನೂರು ಮೈಲಿ.

ಈ 33 ಡಿಗ್ರಿಯ ಅರ್ಥವೇನು? ತಿರುವಿನಲ್ಲಿ ವಾಹನ ಹೊರಕ್ಕೆ ಜಾರದಿರಲೆಂದು ರಸ್ತೆಯ ಹೊರ ಅಂಚನ್ನು ಎತ್ತರಿಸುತ್ತಾರೆ. ನಮ್ಮ ಘಟ್ಟದ ರಸ್ತೆಗಳಲ್ಲಿ ಈ ಎತ್ತರ ನೂರು ಅಡಿ ಅಗಲಕ್ಕೆ ಹತ್ತು ಅಡಿಯನ್ನು ಮೀರಕೂಡದೆಂದು ನಿಯಮವಿದೆ. ಅದೇ ಲೆಕ್ಕದಲ್ಲಿ ಟ್ಯಾಲಡೀಗದ ತಿರುವಿನ ಎತ್ತರ ಸುಮಾರು ಅರವತ್ತೈದು ಅಡಿ! ರಸ್ತೆಯೆನ್ನುವುದಕ್ಕಿಂತ ಡಾಂಬರು ಬಳಿದ ಮನೆಯ ಮಾಡು ಎನ್ನುವುದೇ ಮೇಲು.

ಭೌತಶಾಸ್ತ್ರದ ಮಿತ್ರನೊಬ್ಬನನ್ನು ಕೂರಿಸಿಕೊಂಡು ನಾನು ಲೆಕ್ಕ ಹಾಕಿಸಿದೆ. ತಿರುವಿನ ತ್ರಿಜ್ಯ ಸುಮಾರು ಸಾವಿರ ಅಡಿಯೆಂದು ಹಿಡಿದರೆ, ಗಂಟೆಗೆ ಹೆಚ್ಚುಕಡಮೆ ನೂರು ಮೈಲಿಯ ವೇಗದವರೆಗೆ ಓಲೇ ಕಾರನ್ನು ತಿರುಗಿಸಿಕೊಡುತ್ತದೆ. ಟೈರು ಪಕ್ಕಕ್ಕೆ ಹಿಡಿದೆಳೆಯಬೇಕಾದ ಅಗತ್ಯವೇ ಇಲ್ಲ. ಆದರೆ ಟ್ಯಾಲಡೀಗದ ಕಾರುಗಳು ಓಡುತ್ತಿದ್ದುದು ಇನ್ನೂರು ಮೈಲಿಯ ಸಮೀಪದಲ್ಲಿ. ವೇಗ ಇಮ್ಮಡಿಯಾದರೆ ತಿರುಗಿಸಲು ಬೇಕಾದ ಬಲ ನಾಲ್ಕು ಮಡಿಯಾಗುತ್ತದೆ. ಈ ಹೆಚ್ಚಿನ ಬಲವನ್ನೆಲ್ಲ ಒದಗಿಸಬೇಕಾದುದು ಟೈರು.

ಇಷ್ಟೇ ಅಲ್ಲ. ನೀರು ತುಂಬಿದ ಚೊಂಬಿಗೆ ದಾರ ಕಟ್ಟಿ ಗಿರಗಿರನೆ ತಿರುಗಿಸುವ ಆಟವನ್ನು ನಾವೆಲ್ಲರೂ ಆಡಿದ್ದೇವೆ. ನೀರು ಚೆಲ್ಲುವುದಿಲ್ಲ, ಆದರೆ ಚೊಂಬು ಕೈಗೆ ಬಹು ಭಾರವಾಗಿ ತೋರುತ್ತದೆ. ಅಂತೆಯೇ ಆ ಓಲಿನ ಮೇಲೆ ಇನ್ನೂರು ಮೈಲಿ ವೇಗದಲ್ಲಿ ಸುತ್ತುವ ಕಾರು ತನ್ನ ತೂಕದ ಎರಡು ಪಟ್ಟಿಗಿಂತ ಹೆಚ್ಚಿನ ಭಾರದಿಂದ ಟೈರುಗಳನ್ನು ಒತ್ತುತ್ತದೆ. ಒತ್ತಿದ ಟೈರು ಬಾಗುತ್ತದೆ. ಬಾಗಿ ಬಿಡುವ ಒಂದೊಂದು ಸಲವೂ ಕಾಯುತ್ತದೆ. ಕಾದಷ್ಟೂ ಮೇಲಿನ ರಬ್ಬರು ಒಳಗಿನ ನೂಲಿನ ಪದರದಿಂದ ಬಿಡಿಸಿಕೊಳ್ಳುತ್ತದೆ. ಓಲು ಹೆಚ್ಚಿಸಿದರೆ ವೇಗ ಹೆಚ್ಚುವುದು ನಿಜ. ಆ ವೇಗದ ಸಾಲವನ್ನು ತೀರಿಸುವುದು ಮಾತ್ರ ಟೈರೇ.

ಟ್ಯಾಲಡೀಗದಲ್ಲಿ ಆದದ್ದು ಇದೇ. ಅಭ್ಯಾಸದ ದಿನಗಳಲ್ಲಿ ಕೆಲವೇ ಸುತ್ತುಗಳಲ್ಲಿ ಟೈರುಗಳು ಹರಿಯತೊಡಗಿದುವು. ಬಾಬಿ ಐಸಾಕ್ ಎಂಬ ಚಾಲಕ ಗಂಟೆಗೆ 196 ಮೈಲಿ ಮೀರಿ ಓಡಿಸಿ ಮೊದಲ ಸ್ಥಾನದಿಂದ ಹೊರಡುವ ಅರ್ಹತೆ ಪಡೆದಿದ್ದ. ಆದರೆ ಆ ವೇಗದಲ್ಲಿ ಐನೂರು ಮೈಲಿ ತಾಳಬಲ್ಲ ಟೈರು ಅಲ್ಲಿ ಇರಲಿಲ್ಲ. ಟೈರು ಒದಗಿಸುತ್ತಿದ್ದ ಎರಡು ಕಂಪನಿಗಳ ಪೈಕಿ ಒಂದು ಹಿಂದೆ ಸರಿಯಿತು. ಇನ್ನೊಂದು ತರಿಸಿಕೊಟ್ಟ ಹೊಸ ಟೈರುಗಳೂ ನಂಬಿಕೆ ಹುಟ್ಟಿಸಲಿಲ್ಲ.

ಅದಕ್ಕೆ ಕೆಲವೇ ವಾರಗಳ ಹಿಂದೆ, ಆಗಸ್ಟಿನಲ್ಲಿ, ಚಾಲಕರು ತಮ್ಮದೊಂದು ಸಂಘವನ್ನು ಕಟ್ಟಿಕೊಂಡಿದ್ದರು. ಅಧ್ಯಕ್ಷರು ರಿಚರ್ಡ್ ಪೆಟ್ಟಿ. 1967ರ ಒಂದೇ ಋತುವಿನಲ್ಲಿ 27 ಪಂದ್ಯಗಳನ್ನು ಗೆದ್ದ ಧೀರ. ಇಂಥವರನ್ನು ಅಂಜುಕುಳಿ ಎನ್ನಲು ಯಾರಿಗೂ ನಾಲಗೆ ಬರಲಾರದು. ಪಂದ್ಯವನ್ನು ಮುಂದೂಡಿರೆಂದು ಚಾಲಕರು ಕೇಳಿದರು. ಫ್ರಾನ್ಸ್ ಒಪ್ಪಲಿಲ್ಲ. ಅರವತ್ತರ ಅಂಚಿನಲ್ಲಿದ್ದ ಅವರು ತಾವೇ ಒಂದು ಕಾರು ಹತ್ತಿ ಪಥವನ್ನು ಸುತ್ತಿ, ಭಯಕ್ಕೆ ಕಾರಣವಿಲ್ಲವೆಂದು ತೋರಿಸಲು ನೋಡಿದರು. ಅವರ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಕೆಲವು ಸುತ್ತು ಓಡಿಸುವುದು ಬೇರೆ; ಇನ್ನೂರು ಮೈಲಿಯ ಸಮೀಪದಲ್ಲಿ, ಇತರ ಕಾರುಗಳ ಮಧ್ಯೆ, ಐನೂರು ಮೈಲಿ ಓಡಿಸುವುದು ಬೇರೆ. ಅಲ್ಲದೆ ಪಥ ಕಟ್ಟಿದವರೂ ಅವರೇ, ಟಿಕೆಟ್ಟು ಮಾರಿದವರೂ ಅವರೇ, ನಿಯಮ ಮಾಡುವ ಸಂಸ್ಥೆಯ ಮುಖ್ಯಸ್ಥರೂ ಅವರೇ ಆಗಿದ್ದರು. ಇಂಥಲ್ಲಿ ‘ಬೇಡ’ ಎನ್ನುವ ಬಾಯಿ ಚಾಲಕನದಲ್ಲದೆ ಮತ್ತಾರದು ಉಳಿಯುತ್ತದೆ?

ಪಂದ್ಯದ ಹಿಂದಿನ ದಿನ ಪೆಟ್ಟಿಯೂ ಬಾಬಿ ಆಲಿಸನ್, ಕೇಲ್ ಯಾರ್ಬರೋ ಮೊದಲಾದ ಪ್ರಸಿದ್ಧರೂ ಕಾರುಗಳನ್ನು ಗಾಡಿಗೇರಿಸಿಕೊಂಡು ಊರ ದಾರಿ ಹಿಡಿದರು. ಆದರೂ ಪಂದ್ಯ ನಡೆಯಿತು. ಐಸಾಕ್ ಮೊದಲಾದ ಕೆಲವರು ಉಳಿದರು. ಹಿಂದಿನ ದಿನದ ಕಿರಿಯ ದರ್ಜೆಯ ಪಂದ್ಯದಲ್ಲಿ ಓಡಿದ್ದ ಸಣ್ಣ ಕಾರುಗಳಿಂದ ಮಿಕ್ಕ ಸ್ಥಾನಗಳನ್ನು ತುಂಬಿದರು. ಪ್ರೇಕ್ಷಕರಿಗೆ, ಇದೇ ಟಿಕೆಟ್ಟಿನಿಂದ ಮುಂದೊಂದು ಪಂದ್ಯ ನೋಡಬಹುದೆಂದು ಸಮಾಧಾನ ಹೇಳಿದರು. ರಿಚರ್ಡ್ ಬ್ರಿಕ್‌ಹೌಸ್ ಎಂಬ ತರುಣ, ಹಿಂಭಾಗದಲ್ಲಿ ಎತ್ತರದ ರೆಕ್ಕೆಯುಳ್ಳ ಹೊಸ ಡಾಡ್ಜ್ ಕಾರಿನಲ್ಲಿ ಗೆದ್ದ. ಆ ದರ್ಜೆಯಲ್ಲಿ ಆತನ ಜೀವಮಾನದ ಗೆಲವು ಅದೊಂದೇ.

ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಹಾಗಾದರೆ ಹೊರಟುಹೋದವರು ಸುಮ್ಮನೆ ಹೆದರಿದರೆ? ಮೇಲ್ನೋಟಕ್ಕೆ ಹೌದೆನ್ನಿಸುತ್ತದೆ. ಆದರೆ ಪಂದ್ಯ ಹೇಗೆ ನಡೆಯಿತೆಂಬುದನ್ನು ನೋಡಬೇಕು. ಪದೇ ಪದೇ ನಿಲ್ಲಿಸಿ ಟೈರು ಬದಲಿಸಿದರು. ಹಳದಿ ಬಾವುಟದ ನಿಧಾನದ ಸುತ್ತುಗಳೂ ಸೇರಿ, ಗೆದ್ದವನ ಸರಾಸರಿ ವೇಗ ಗಂಟೆಗೆ ಸುಮಾರು 154 ಮೈಲಿ. ಎಂದರೆ, ಟೈರು ಎಷ್ಟನ್ನು ತಾಳಬಲ್ಲುದೋ ಅಷ್ಟಕ್ಕೆ ತಗ್ಗಿ ಓಡಿದರು. ಹೊರಟುಹೋದವರ ವಾದವನ್ನು ಆ ಕ್ಷೇಮದ ಪಂದ್ಯ ಸುಳ್ಳು ಮಾಡಲಿಲ್ಲ, ಒಪ್ಪಿಕೊಂಡೇ ನಡೆಯಿತು.

ಮುಂದಿನ ಪಂದ್ಯಗಳಿಗೆ ಚಾಲಕರು ಮರಳಿದರು. ಕೆಲವೇ ವರ್ಷಗಳಲ್ಲಿ ಅವರ ಸಂಘ ಅಳಿದುಹೋಯಿತು. ಟೈರುಗಳು ಸುಧಾರಿಸಿದುವು, ವೇಗವೂ ಬೆಳೆಯಿತು. 1987ರಲ್ಲಿ ಬಿಲ್ ಎಲಿಯಟ್ ಇದೇ ಪಥದಲ್ಲಿ ಗಂಟೆಗೆ 212 ಮೈಲಿ ಮೀರಿದ ದಾಖಲೆ ಸ್ಥಾಪಿಸಿದ. ಅದೇ ಪಂದ್ಯದಲ್ಲಿ ಒಂದು ಕಾರಿನ ಟೈರು ಸಿಡಿದು, ಕಾರು ಗಾಳಿಗೆದ್ದು ಪ್ರೇಕ್ಷಕರ ಮುಂದಿನ ಬೇಲಿಯನ್ನು ಹರಿಯಿತು. ನೋಡುತ್ತಿದ್ದವರಲ್ಲಿ ಕೆಲವರು ಗಾಯಗೊಂಡರು. ಆ ಕಾರಿನ ಚಾಲಕ, 1969ರಲ್ಲಿ ಹೊರನಡೆದವರಲ್ಲೊಬ್ಬನಾದ ಬಾಬಿ ಆಲಿಸನ್. 1988ರಿಂದ ಸಂಸ್ಥೆಯೇ ಅಲ್ಲಿಯ ಮತ್ತು ಡೇಟೋನಾದ ಇಂಜಿನುಗಳಿಗೆ ಗಾಳಿಯನ್ನು ಕಡಮೆ ಮಾಡುವ ತೂತಿನ ತಗಡನ್ನು ಕಡ್ಡಾಯ ಮಾಡಿ ವೇಗವನ್ನು ಇಳಿಸಿತು. 

ಕಳೆದ ರಜೆಯಲ್ಲಿ ಇದನ್ನೆಲ್ಲ ಮಾವನಿಗೆ ಹೇಳಿದೆ. ಅಪಾಯ ನಡೆಯದಿದ್ದುದು ಅಪಾಯ ಇರಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ ಎಂದೂ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, “ಆ ಪೆಟ್ಟಿಗೆ ಆಮೇಲೆ ಕೆಲಸ ಸಿಕ್ಕಿತೇನೋ?” ಎಂದರು. ಸಿಕ್ಕಿತು, ಒಟ್ಟು ಇನ್ನೂರು ಪಂದ್ಯ ಗೆದ್ದ ಎಂದೆ. “ಹಾಗಾದರೆ ಸರಿ” ಎಂದು ಸರಳು ತೆಗೆದುಕೊಂಡು ಲಾರಿಯ ಕಡೆ ನಡೆದರು. ಮಾವನಂಥವರಿಗೆ ಪೆಟ್ಟಿಯ ಕೀರ್ತಿಯ ಬೆಂಬಲವಿಲ್ಲ; ಅವರು ‘ಬೇಡ’ ಎಂದರೆ ಎರಡು ತಿಂಗಳ ಅನ್ನ ಹೋಗುತ್ತದೆ. ನಾಳೆ ನಮ್ಮಲ್ಲಿ ಯಾರಾದರೂ ಮಾಲೀಕರಾಗಿಯೋ ಅಧಿಕಾರಿಗಳಾಗಿಯೋ ಕುಳಿತಾಗ, ನಮ್ಮೆದುರು ನಿಂತು ‘ಈ ಗಾಡಿ ತೆಗೆಯಲಾರೆ’ ಎನ್ನುವವನ ಮಾತನ್ನು ಕೇಳುವ ಮೊದಲು, ಒಮ್ಮೆ ಎದ್ದು ಹೋಗಿ ಟೈರನ್ನು ನೋಡಿ ಬರೋಣ.