ಫೋನ್ ಹ್ಯಾಕ್: ನಂಬಿಕೊಂಡಿದ್ದೇನು, ನಿಜವೇನು?

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಶುಕ್ರವಾರ ಮಹಾಲಕ್ಷ್ಮಿಯ ದರ್ಶನಕ್ಕೆ ಬರುವವರ ಕೈಯಲ್ಲಿ ಹಣ್ಣುಕಾಯಿಯ ಜೊತೆ ಸ್ಮಾರ್ಟ್‌ಫೋನೂ ಇರುತ್ತದೆ. ಮಧುಗಿರಿ, ಶಿರಾ, ಪಾವಗಡದ ಹಳ್ಳಿಗಳಲ್ಲೂ ಹೀಗೆಯೇ. ಬ್ಯಾಂಕ್ ಖಾತೆ, ಆಧಾರ್, ಪಹಣಿ, ಮಕ್ಕಳ ಅಂಕಪಟ್ಟಿ ಎಲ್ಲವೂ ಅದೊಂದರೊಳಗೆ ಬಂದು ಸೇರಿವೆ. ಅದನ್ನು ಕಾಪಾಡಿಕೊಳ್ಳುವ ವಿಚಾರದಲ್ಲಿ ಮಾತ್ರ ಕೆಲವರಿಗೆ ಅತಿಯಾದ ಭಯ, ಇನ್ನು ಕೆಲವರಿಗೆ ಪೂರ್ತಿ ಉದಾಸೀನ. ಎರಡೂ ಮೋಸಗಾರರಿಗೇ ಅನುಕೂಲ. ಊರೂರಲ್ಲಿ ಕೇಳಿಬರುವ ಕೆಲವು ನಂಬಿಕೆಗಳನ್ನೂ ಅವುಗಳ ನಿಜವನ್ನೂ ನೋಡೋಣ.

ತಪ್ಪು ಕಲ್ಪನೆ 1: ನಮ್ಮಂಥ ಹಳ್ಳಿಯವರ ಫೋನಿನಲ್ಲಿ ಏನಿದೆ ಅಂತ ಹ್ಯಾಕರ್ ಬರುತ್ತಾನೆ?

ಸತ್ಯ: ಮೋಸಗಾರ ಊರು ನೋಡಿ ಬರುವುದಿಲ್ಲ. ಒಂದೇ ಮೆಸೇಜನ್ನು ಸಾವಿರಾರು ನಂಬರ್‌ಗಳಿಗೆ ಕಳಿಸುತ್ತಾನೆ, ಸಿಕ್ಕಿಬಿದ್ದವರನ್ನು ಹಿಡಿಯುತ್ತಾನೆ. ಅಲ್ಲದೆ ಹಳ್ಳಿಯ ಖಾತೆಗಳು ಈಗ ಬರಿದಾಗಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, ಡೇರಿಗೆ ಹಾಕಿದ ಹಾಲಿನ ಹಣ ನೇರವಾಗಿ ಖಾತೆಗೆ ಬರುತ್ತವೆ. ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ತಿರುಮಣಿ, ವಳ್ಳೂರು ಸುತ್ತಮುತ್ತಲ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಗುತ್ತಿಗೆ ಹಣವೂ ಇದೆ. ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಅದು ಕಳ್ಳರಿಗೆ ಬೇಕು. ಬೇರೆಯವರಿಂದ ಕದ್ದ ಹಣ ಸಾಗಿಸಲು ಬಡವರ ಖಾತೆಗಳನ್ನು ಬಳಸುತ್ತಾರೆ. ಕೊನೆಗೆ ಪೊಲೀಸರು ವಿಚಾರಿಸುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರನ್ನು. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಯಾರ ಕೈಗೂ ಕೊಡಬೇಡಿ.

ತಪ್ಪು ಕಲ್ಪನೆ 2: ಗುರುತಿಲ್ಲದ ಕರೆ ಎತ್ತಿದರೆ ಸಾಕು, ಫೋನ್ ಹ್ಯಾಕ್ ಆಗುತ್ತದೆ.

ಸತ್ಯ: ಸಾಮಾನ್ಯ ಮೋಸದಲ್ಲಿ ಬರೀ ಕರೆ ಎತ್ತಿದ್ದಕ್ಕೆ ಹಣ ಹೋಗುವುದಿಲ್ಲ. ಎತ್ತಿದ ಮೇಲೆ ಅವರು ಹೇಳಿದಂತೆ ಮಾಡಿದರೆ ಹೋಗುತ್ತದೆ. ಒಟಿಪಿ ಓದಿ ಹೇಳುವುದು, ಲಿಂಕ್ ಒತ್ತುವುದು, ನಮ್ಮ ಪರದೆ ಅವರಿಗೆ ಕಾಣುವಂಥ ಆ್ಯಪ್ ಹಾಕಿಕೊಳ್ಳುವುದು, ಇವೇ ಅಪಾಯದ ಜಾಗಗಳು. ಕರೆ ಮಾಡಿಯೇ ಫೋನಿನೊಳಗೆ ನುಗ್ಗಿದ ಉದಾಹರಣೆ ಇಲ್ಲದಿಲ್ಲ. 2019ರಲ್ಲಿ ವಾಟ್ಸ್‌ಆ್ಯಪ್ ಕರೆಯ ಒಂದು ದೋಷವನ್ನು ಬಳಸಿ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶವನ್ನು ಜಗತ್ತಿನಾದ್ಯಂತ ಸುಮಾರು 1,400 ಜನರ ಮೇಲೆ ಪ್ರಯೋಗಿಸಲಾಗಿತ್ತು. ಕರೆ ಎತ್ತದಿದ್ದರೂ ಅದು ಕೆಲಸ ಮಾಡುತ್ತಿತ್ತು. ಅಷ್ಟು ದುಬಾರಿ ಅಸ್ತ್ರವನ್ನು ಪತ್ರಕರ್ತರು, ಹೋರಾಟಗಾರರಂಥ ಆಯ್ದ ವ್ಯಕ್ತಿಗಳ ಮೇಲೆ ಬಿಡುತ್ತಾರೆ. ಆ ದೋಷವನ್ನು ವಾಟ್ಸ್‌ಆ್ಯಪ್ ಮುಚ್ಚಿದ್ದು ಒಂದು ಅಪ್‌ಡೇಟ್‌ನಿಂದ. ಡೇಟಾ ಖರ್ಚಾಗುತ್ತದೆಂದು ಅಪ್‌ಡೇಟ್ ಮುಂದೂಡುವವರು ಇದನ್ನು ನೆನಪಿಡಬೇಕು.

ತಪ್ಪು ಕಲ್ಪನೆ 3: ಗೊತ್ತಿದ್ದವರು ಕಳಿಸಿದ ಫೈಲ್ ತೆರೆದರೆ ಏನೂ ಆಗದು.

ಸತ್ಯ: ಆ್ಯಂಡ್ರಾಯ್ಡ್ ಫೋನಿಗೆ ಇಂದಿನ ದೊಡ್ಡ ಕಂಟಕಗಳಲ್ಲಿ ಇದೂ ಒಂದು. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್, ಬ್ಯಾಂಕಿನ ಕೆವೈಸಿ ಹೀಗೆ ನಾನಾ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ (.apk) ಎಂದಿದ್ದರೆ ಅದು ಕರೆಯೋಲೆಯಲ್ಲ, ಆ್ಯಪ್. ನಿಜವಾದ ಲಗ್ನಪತ್ರಿಕೆ ಫೋಟೊ, ಪಿಡಿಎಫ್ ಅಥವಾ ವಿಡಿಯೊ ಆಗಿರುತ್ತದೆ. ಈ ಆ್ಯಪ್ ಒಳಗೆ ಬಂದು ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೋ, ನಿಮಗೆ ಬಂದ ಒಟಿಪಿಯನ್ನು ದೂರದಲ್ಲಿ ಕುಳಿತವನು ಓದುತ್ತಾನೆ. ಆಮೇಲೆ ಅದೇ ಫೈಲ್ ನಿಮ್ಮ ನಂಬರಿನಿಂದ ನಿಮ್ಮ ನೆಂಟರಿಗೂ ಹೋಗಬಹುದು. ಭಾವ ಕಳಿಸಿದ್ದಾರೆ, ಅಕ್ಕ ಕಳಿಸಿದ್ದಾಳೆ ಎಂಬ ನಂಬಿಕೆಯಿಂದಲೇ ಇದು ಹರಡುತ್ತದೆ. ಅನುಮಾನ ಬಂದರೆ ಅವರಿಗೇ ಫೋನ್ ಮಾಡಿ ಕೇಳಿ. ಆ್ಯಪ್ ಬೇಕಿದ್ದರೆ ಪ್ಲೇಸ್ಟೋರ್‌ನಿಂದಲೇ ಹಾಕಿಕೊಳ್ಳಿ, ಅಲ್ಲಿಯೂ ತಯಾರಕರ ಹೆಸರು ನೋಡಿ. ಈಗಾಗಲೇ ಇಂಥ ಫೈಲ್ ಹಾಕಿಕೊಂಡಿದ್ದರೆ ಮೊದಲು ಏರೋಪ್ಲೇನ್ ಮೋಡ್ ಒತ್ತಿ, ವೈಫೈ ಇದ್ದರೆ ಅದನ್ನೂ ಆರಿಸಿ. ಬೇರೆಯವರ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಆ್ಯಪ್ ಅಳಿಸಲು ಬಾರದಿದ್ದರೆ ಫೋನನ್ನು ಫ್ಯಾಕ್ಟರಿ ರಿಸೆಟ್ ಮಾಡಿಸಿ.

ತಪ್ಪು ಕಲ್ಪನೆ 4: ಹಣ ಬರಬೇಕಾದರೂ ಪಿನ್ ಹಾಕಬೇಕು.

ಸತ್ಯ: ಹಣ ಪಡೆಯಲು ಯುಪಿಐ ಪಿನ್ ಬೇಡವೇ ಬೇಡ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದೂ ದುಡ್ಡು ಕೊಡಲಿಕ್ಕೆ, ಪಡೆಯಲಿಕ್ಕಲ್ಲ. ಹಳೆಯ ಬೈಕೋ ಎಮ್ಮೆಯೋ ಮಾರಾಟಕ್ಕಿದೆ ಎಂದು ಹಾಕಿದವರಿಗೆ ಫೋನ್ ಮಾಡಿ, ಮುಂಗಡ ಕಳಿಸಿದ್ದೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವನು ನಿಮ್ಮ ಖಾತೆಯನ್ನೇ ಖಾಲಿ ಮಾಡಲು ಹೊಂಚುತ್ತಿದ್ದಾನೆ.

ತಪ್ಪು ಕಲ್ಪನೆ 5: ಫೋನ್ ಕಳೆದರೂ ಸ್ಕ್ರೀನ್ ಲಾಕ್ ಇದೆ, ಭಯವಿಲ್ಲ.

ಸತ್ಯ: ಲಾಕ್ ಕಾಯುವುದು ಫೋನನ್ನು, ಸಿಮ್ಮನ್ನಲ್ಲ. ಜಾತ್ರೆಯ ನೂಕುನುಗ್ಗಲಲ್ಲಿ ಫೋನ್ ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಿಮ್ಮ ಒಟಿಪಿಗಳೆಲ್ಲ ಅವನಿಗೆ ಬರುತ್ತವೆ. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಪಿನ್ ಇಡುವ ಅವಕಾಶವಿದೆ. ಬೇರೆ ಫೋನಿಗೆ ಹಾಕಿದಾಗ ಆ ಪಿನ್ ಕೇಳುತ್ತದೆ. ವಾಟ್ಸ್‌ಆ್ಯಪ್‌ನಲ್ಲೂ ಎರಡು ಹಂತದ ಪರಿಶೀಲನೆ ಎಂಬ ಆರು ಅಂಕಿಯ ಪಿನ್ ಇಟ್ಟುಕೊಳ್ಳಿ. ಫೋನ್ ಕಳೆದ ತಕ್ಷಣ ಸಿಮ್ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿ, ಪೊಲೀಸರಿಗೆ ದೂರು ಕೊಡಿ. ಆ ದೂರಿನ ಆಧಾರದ ಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನಿನ ಗುರುತಾದ ಐಎಂಇಐ ಸಂಖ್ಯೆ ಕೊಟ್ಟರೆ ಆ ಫೋನು ದೇಶದ ಯಾವ ನೆಟ್‌ವರ್ಕ್‌ನಲ್ಲೂ ಕೆಲಸ ಮಾಡದಂತೆ ತಡೆಯುತ್ತಾರೆ. ಈಗಲೇ *#06# ಒತ್ತಿ ಆ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂದೆ ಬರೆದಿಡಿ.

ತಪ್ಪು ಕಲ್ಪನೆ 6: ನನ್ನದು ಬಟನ್ ಫೋನ್, ನನಗೆ ಈ ಕಾಟವಿಲ್ಲ.

ಸತ್ಯ: ಹಣ ಕದಿಯಲು ಫೋನೇ ಬೇಕೆಂದಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಒಟಿಪಿ ಇಲ್ಲದೆ ಹಣ ಹೋದ ಪ್ರಕರಣಗಳು ಬೆಳಕಿಗೆ ಬಂದವು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಕದ್ದು, ಹೆಬ್ಬೆಟ್ಟು ಒತ್ತಿ ಹಣ ಪಡೆಯುವ ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ದುಡ್ಡು ತೆಗೆದಿದ್ದರು. ಇದಕ್ಕೆ ಮದ್ದು ಬಯೋಮೆಟ್ರಿಕ್ ಲಾಕ್. ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣದಲ್ಲಿ ಉಚಿತವಾಗಿ ಹಾಕಬಹುದು, ಬೆರಳಚ್ಚು ಬೇಕಾದ ದಿನ ತೆಗೆಯಬಹುದು. ಸ್ಮಾರ್ಟ್‌ಫೋನ್ ಇಲ್ಲದ ಅಪ್ಪ ಅಮ್ಮನಿಗೆ ಮನೆಯ ಮಕ್ಕಳು ಇದನ್ನು ಮಾಡಿಕೊಡಬೇಕು.

ತಪ್ಪು ಕಲ್ಪನೆ 7: ವಿಡಿಯೊ ಕರೆಯಲ್ಲಿ ಸಮವಸ್ತ್ರ ತೊಟ್ಟವರು ಬಂದರೆ ಪೊಲೀಸರೇ ಇರಬೇಕು.

ಸತ್ಯ: ನಿಮ್ಮನ್ನು ಫೋನಿನಲ್ಲೇ ಬಂಧಿಸಿದ್ದೇವೆ ಎಂದು ಇಂಥವರು ಹೆದರಿಸುವ ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಪ್ರಧಾನಿಯವರು ಅಕ್ಟೋಬರ್ 2024ರ ಮನ್ ಕಿ ಬಾತ್‌ನಲ್ಲಿ ಇದನ್ನೇ ಹೇಳಿದರು. ಪೊಲೀಸರು, ಸಿಬಿಐ, ನ್ಯಾಯಾಧೀಶರು ಯಾರೂ ಫೋನಿನಲ್ಲಿ ಬಂಧಿಸುವುದಿಲ್ಲ, ಬಿಡಿಸಿಕೊಳ್ಳಲು ಹಣವನ್ನೂ ಕೇಳುವುದಿಲ್ಲ. ಕರೆ ಕತ್ತರಿಸಿ, ಮನೆಯವರಿಗೆ ಹೇಳಿ.

ತಪ್ಪು ಕಲ್ಪನೆ 8: ಹೋದ ಹಣ ಹೋಯಿತು, ದೂರು ಕೊಟ್ಟು ಮಾನ ಕಳೆದುಕೊಳ್ಳುವುದೇಕೆ?

ಸತ್ಯ: ಎಲ್ಲಕ್ಕಿಂತ ಹೆಚ್ಚು ನಷ್ಟ ತರುವ ನಂಬಿಕೆ ಇದು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತದೆ. ಅದು ಎಟಿಎಂನಿಂದ ಹೊರಬೀಳುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಇಲ್ಲಿ ಮೊದಲ ಗಂಟೆಗೆ ಬೆಲೆ ಹೆಚ್ಚು. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿದ್ದು ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ಆ ನಷ್ಟ ಗ್ರಾಹಕರದಲ್ಲ. ನಾವೇ ಒಟಿಪಿ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಹೋಗುವ ಹಣದ ಹೊಣೆ ಬ್ಯಾಂಕಿನದು. ಮೋಸ ಮಾಡಿದವನು ಅಪರಾಧಿ, ಮೋಸಹೋದವರಲ್ಲ.

ಮೇಲಿನದೆಲ್ಲ ನೋಡಿದರೆ ಒಂದು ಮಾತು ಸ್ಪಷ್ಟ: ಬಹುಪಾಲು ಮೋಸಗಳಲ್ಲಿ ಕಳ್ಳ ಫೋನನ್ನು ಒಡೆಯುವುದಿಲ್ಲ, ನಮ್ಮ ಕೈಯಿಂದಲೇ ತೆರೆಸುತ್ತಾನೆ. ಅವಸರ, ಆಸೆ, ಹೆದರಿಕೆ ಮೂರೂ ಅವನ ಸಾಧನಗಳು. ಹಾಗಾಗಿ ಫೋನಿನಲ್ಲಿ ಯಾರಾದರೂ ಅವಸರಪಡಿಸಿದರೆ ಅಲ್ಲೇ ನಿಲ್ಲಿಸಿ, ಮನೆಯಲ್ಲಿ ಇನ್ನೊಬ್ಬರನ್ನು ಕೇಳಿ. ಓದು ಬಾರದ ಹಿರಿಯರಿಗೆ 1930 ಎಂಬ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಟ್ಟು, ಒತ್ತುವುದು ಹೇಗೆಂದು ಇವತ್ತೇ ಕಲಿಸಿ.